ವೀಸಾ ಮುಗಿಯುತ್ತೆ, ಆರ್‌ಸಿ ಮುಗಿಯಲ್ಲ: ಬೆಂಗಳೂರು ಬಿಡುವ ವಿದೇಶಿಯರು ಕಾರು ಮಾರಲು ಬೇಕಾದ ಕಾಗದಗಳು

ಶಾಂತಿನಗರ ಬಸ್ ನಿಲ್ದಾಣದ ಟಿಟಿಎಂಸಿ ಕಟ್ಟಡದಲ್ಲಿ ಎರಡು ಕಚೇರಿಗಳಿವೆ. ಒಂದು, ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ; ಎಲ್ಲರೂ ಎಫ್‌ಆರ್‌ಆರ್‌ಒ ಅಂತಲೇ ಕರೆಯೋದು. ನಗರದಲ್ಲಿರುವ ಜಪಾನಿ ಮ್ಯಾನೇಜರ್, ಜರ್ಮನ್ ಎಂಜಿನಿಯರ್, ಸುಡಾನಿನ ವಿದ್ಯಾರ್ಥಿ ಎಲ್ಲಿ ವಾಸವಿದ್ದಾರೆ, ಎಷ್ಟು ದಿನ ಇರಬಹುದು ಅನ್ನೋ ಲೆಕ್ಕ ಇದರ ಬಳಿ ಇರುತ್ತೆ. ಇನ್ನೊಂದು, ಸಾರಿಗೆ ಆಯುಕ್ತರ ಕಚೇರಿ. ರಾಜ್ಯದ ಎಲ್ಲ ಆರ್‌ಟಿಒಗಳ ತಾಯಿಮನೆ. ಈ ವಿದೇಶಿಯರು ಊರು ಬಿಟ್ಟು ವಿಮಾನ ಹತ್ತಿದ ಮೇಲೆ ಮೊದಲ ಕಚೇರಿಯ ಲೆಕ್ಕದಲ್ಲಿ ಅವರು ಹೋದವರು. ಎರಡನೆಯದರ ಲೆಕ್ಕದಲ್ಲಿ ಮಾತ್ರ, ಯಾರಾದರೂ ಅರ್ಜಿ ಹಾಕಿ ಬದಲಾಯಿಸದ ಹೊರತು, ಅವರು ಇನ್ನೂ ವೈಟ್‌ಫೀಲ್ಡ್‌ನ ಅದೇ ಅಪಾರ್ಟ್‌ಮೆಂಟಿನಲ್ಲಿದ್ದಾರೆ, ಅದೇ ಕೆಎ-53 ಕಾರಿನ ಮಾಲೀಕರಾಗಿದ್ದಾರೆ.

ಡೇಟಾಬೇಸ್ ಪಾಠ ಓದಿದವರಿಗೆ ‘ಫಾರಿನ್ ಕೀ’ ಅನ್ನೋ ಪದ ಗೊತ್ತಿರುತ್ತೆ. ಒಂದು ಟೇಬಲ್‌ನ ಸಾಲನ್ನು ಇನ್ನೊಂದು ಟೇಬಲ್‌ನ ಸಾಲಿಗೆ ಕಟ್ಟಿಹಾಕುವ ಗಂಟು ಅದು. ಎಂಜಿನಿಯರಿಂಗ್ ಬಿಟ್ಟು ಬರವಣಿಗೆಗೆ ಬಂದ ನನ್ನಂಥವನಿಗೆ ಈ ಎರಡು ಕಚೇರಿಗಳನ್ನು ನೋಡಿದಾಗೆಲ್ಲ ಆ ಗಂಟು ಇಲ್ಲದ ಟೇಬಲ್‌ಗಳೇ ನೆನಪಾಗುತ್ತವೆ. ಆ ಗಂಟನ್ನು ಹಾಕುವ ಕೆಲಸ ಕಾರು ಮಾರುವವರ ತಲೆ ಮೇಲೆ ಬಿದ್ದಿದೆ. ಅದೂ ಅವರ ವೀಸಾದ ಕೊನೆಯ ಕೆಲವು ವಾರಗಳಲ್ಲಿ.

ಇದು ವಿದೇಶಿಯರ ತಲೆನೋವು, ನಮಗೇನು ಅಂತ ಅನ್ನಿಸಬಹುದು. ಆದರೆ ಆ ಕಾರನ್ನು ಕೊಳ್ಳೋದು ಸಾಮಾನ್ಯವಾಗಿ ನಮ್ಮಂಥವರೇ.

ಕಾನೂನು ಕೇಳೋದು ಏನು

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 50 ಮಾರಾಟದ ಬಗ್ಗೆ ಹೇಳುತ್ತೆ. ಕಾರು ಅದೇ ರಾಜ್ಯದಲ್ಲಿ ನೋಂದಣಿಯಾಗಿದ್ದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಹೊರರಾಜ್ಯದ್ದಾದರೆ 45 ದಿನ. ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ಮಾರಿದವರು ತಿಳಿಸೋದು ಫಾರಂ 29ರಲ್ಲಿ. ವರ್ಗಾವಣೆಯ ಅರ್ಜಿ ಫಾರಂ 30. ಕಾರಿನ ಮೇಲೆ ಸಾಲ ಇದ್ದಿದ್ದರೆ ಬ್ಯಾಂಕಿನ ಸಹಿಯಿರುವ ಫಾರಂ 35 ಬೇಕು. ಜೊತೆಗೆ ಆರ್‌ಸಿ, ವಿಮೆ, ಹೊಗೆ ತಪಾಸಣೆ ಪ್ರಮಾಣಪತ್ರ, ಪ್ಯಾನ್ ಅಥವಾ ಫಾರಂ 60, ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು. ಸರ್ಕಾರಿ ಶುಲ್ಕ ನೂರುಗಳ ಲೆಕ್ಕದಲ್ಲಿದೆ. ಸಾವಿರಗಳ ಲೆಕ್ಕ ಶುರುವಾಗೋದು ಏಜೆಂಟ್ ಬಂದ ಮೇಲೆ.

ಈ ಪಟ್ಟಿಯಲ್ಲಿ ‘ಮಾರುವವರು ಭಾರತೀಯರಾಗಿರಬೇಕು’ ಅಂತ ಎಲ್ಲೂ ಇಲ್ಲ. ಮಾರುವವರು ತಮ್ಮ ವಾಸಸ್ಥಳವನ್ನು ಹೊಸದಾಗಿ ಸಾಬೀತು ಮಾಡಬೇಕು ಅಂತಲೂ ಸೆಕ್ಷನ್ 50 ಹೇಳೋದಿಲ್ಲ. ಅವರ ವಿಳಾಸ ಆರ್‌ಸಿಯಲ್ಲೇ ಇದೆ. ಹೊಸ ವಿಳಾಸದ ದಾಖಲೆ ಬೇಕಿರೋದು ಕೊಳ್ಳುವವರದ್ದು. ಹಾಗಿದ್ದ ಮೇಲೆ ವಿದೇಶಿ ಮಾರಾಟಗಾರರ ವಾಸದ ಪರವಾನಗಿ, ವೀಸಾ ಪುಟ, ಬಾಡಿಗೆ ಕರಾರು ಇವೆಲ್ಲ ಕೌಂಟರಿನ ಮೇಲೆ ಯಾಕೆ ಬರ್ತವೆ?

ಒಂದು ಕಾರಣ ಸೆಕ್ಷನ್ 49. ಮಾಲೀಕರು ಮನೆ ಬದಲಾಯಿಸಿದರೆ 30 ದಿನದೊಳಗೆ ಹೊಸ ವಿಳಾಸವನ್ನು ಆರ್‌ಸಿಯಲ್ಲಿ ದಾಖಲಿಸಬೇಕು. ಐಟಿ ಕಾರಿಡಾರ್‌ನಲ್ಲಿ ಅದನ್ನು ಮಾಡಿದವರನ್ನು ನಾನು ಬೆರಳೆಣಿಕೆಯಷ್ಟು ನೋಡಿದ್ದೇನೆ. ಹೋಪ್ ಫಾರ್ಮ್ ಹತ್ತಿರದ ಮನೆಯಲ್ಲಿದ್ದಾಗ ಕಾರು ಕೊಂಡವರು, ಆಫೀಸ್ ಬದಲಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಗೆ ಬಂದವರು, ಮಾರುವ ಹೊತ್ತಿಗೆ ಆರ್‌ಸಿಯಲ್ಲಿ ಒಂದು ವಿಳಾಸ, ಎಫ್‌ಆರ್‌ಆರ್‌ಒ ಕಾಗದದಲ್ಲಿ ಇನ್ನೊಂದು ವಿಳಾಸ ಹೊತ್ತು ನಿಂತಿರ್ತಾರೆ. ‘ಮೊದಲು ಅಡ್ರೆಸ್ ಚೇಂಜ್ ಮಾಡಿಸ್ಕೊಂಡು ಬನ್ನಿ’ ಅನ್ನೋದು ಕೌಂಟರಿನ ಉತ್ತರ. ಅಲ್ಲಿಂದ ವಾಸದ ಪುರಾವೆಯ ಮಾತು ಶುರು.

ಇನ್ನೊಂದು ಕಾರಣ ಒಟಿಪಿ, ಅದಕ್ಕೆ ಮುಂದೆ ಬರ್ತೇನೆ.

ವಿಳಾಸ ಅನ್ನೋ ದೊಡ್ಡ ಕಾಗದ

ಕೇಂದ್ರ ಮೋಟಾರು ವಾಹನ ನಿಯಮಗಳು 1989ರ ನಿಯಮ 4ರಲ್ಲಿ ವಿಳಾಸ ಮತ್ತು ವಯಸ್ಸಿನ ಪುರಾವೆಗಳ ಪಟ್ಟಿ ಇದೆ. ಪಡಿತರ ಚೀಟಿ, ಮತದಾರರ ಪಟ್ಟಿ, ಜೀವ ವಿಮಾ ಪಾಲಿಸಿ, ಪಾಸ್‌ಪೋರ್ಟ್, ಸರ್ಕಾರಿ ಕಚೇರಿಯ ಸಂಬಳದ ಚೀಟಿ, ಶಾಲಾ ಪ್ರಮಾಣಪತ್ರ ಹೀಗೆ. ಒಬ್ಬ ವಿದೇಶಿ ಉದ್ಯೋಗಿಯ ಕಣ್ಣಿನಿಂದ ಈ ಪಟ್ಟಿ ಓದಿ ನೋಡಿ. ಪಡಿತರ ಚೀಟಿ ಸಿಗಲ್ಲ, ಮತ ಇಲ್ಲ, ಸರ್ಕಾರಿ ಸಂಬಳ ಇಲ್ಲ. ಪಾಸ್‌ಪೋರ್ಟ್ ಇದೆ, ಆದರೆ ಅದರಲ್ಲಿ ಬೆಂಗಳೂರಿನ ವಿಳಾಸ ಇಲ್ಲ. ಇವರಿಗೆ ನಿಜವಾಗಿ ಉಪಯೋಗಕ್ಕೆ ಬರೋದು ಪಟ್ಟಿಯ ಕೊನೆಯ ಅವಕಾಶ: ಯಾವ ದಾಖಲೆಯನ್ನೂ ಕೊಡಲಾಗದವರು ಸಕಾರಣ ತೋರಿಸಿ, ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್, ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟ್ ಅಥವಾ ನೋಟರಿ ಮುಂದೆ ಮಾಡಿದ ಪ್ರಮಾಣಪತ್ರ, ಅಂದ್ರೆ ಅಫಿಡವಿಟ್, ಸಲ್ಲಿಸಬಹುದು, ಅಧಿಕಾರಿ ಅದನ್ನು ಒಪ್ಪಬಹುದು. ‘ಒಪ್ಪಬಹುದು’ ಅನ್ನೋ ಪದದ ಮೇಲೆ ಒಂದಿಡೀ ಏಜೆಂಟ್ ಉದ್ಯಮ ನಿಂತಿದೆ.

ಅಫಿಡವಿಟ್ ಜೊತೆ ಇಡಲು ಮೂರು ಕಾಗದ ಇರುತ್ತೆ: ಎಫ್‌ಆರ್‌ಆರ್‌ಒ ಕೊಟ್ಟ ನೋಂದಣಿ ಅಥವಾ ವಾಸದ ಪರವಾನಗಿ, ಕಂಪನಿಯ ಪತ್ರ, ಬಾಡಿಗೆ ಕರಾರು.

ಮೊದಲನೆಯದು ಈಗ ಆನ್‌ಲೈನ್. 180 ದಿನಕ್ಕಿಂತ ಹೆಚ್ಚಿನ ಉದ್ಯೋಗ ಅಥವಾ ವಿದ್ಯಾರ್ಥಿ ವೀಸಾದಲ್ಲಿ ಬಂದವರು 14 ದಿನದೊಳಗೆ ನೋಂದಣಿ ಮಾಡಿಸಿಕೊಳ್ಳಬೇಕು ಅನ್ನೋದು ಹಳೆಯ ನಿಯಮ. 2018ರಲ್ಲಿ ಇ-ಎಫ್‌ಆರ್‌ಆರ್‌ಒ ಬಂದ ಮೇಲೆ ಶಾಂತಿನಗರದ ಮೆಟ್ಟಿಲು ಹತ್ತುವ ಕೆಲಸ ಬಹಳ ಕಡಿಮೆಯಾಗಿದೆ. 1946ರ ವಿದೇಶಿಯರ ಕಾಯ್ದೆ ಮತ್ತು 1939ರ ನೋಂದಣಿ ಕಾಯ್ದೆ ಹೋಗಿ, 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ, 2025 ಜಾರಿಯಲ್ಲಿದೆ. ಕಾಯ್ದೆ ಹೊಸದು, ಆದರೆ ಅದರ ಒಂದು ಹಳೆಯ ನಂಬಿಕೆ ಹಾಗೇ ಇದೆ: ವಿದೇಶಿ ಎಲ್ಲಿದ್ದಾರೆ ಅಂತ ಹೇಳುವ ಹೊಣೆ ಅವರಿಗೆ ಜಾಗ ಕೊಟ್ಟವರ ಮೇಲೂ ಇದೆ. ಹೋಟೆಲ್‌ನವರು, ಪಿಜಿ ಓನರ್, ಮನೆ ಓನರ್, ಎಲ್ಲರೂ ತಮ್ಮಲ್ಲಿ ಉಳಿದ ವಿದೇಶಿಯ ವಿವರವನ್ನು ಸರ್ಕಾರಕ್ಕೆ ಕೊಡಬೇಕು. ವರ್ಷಗಟ್ಟಲೆ ‘ಸಿ-ಫಾರಂ’ ಅಂತ ಕರೆಸಿಕೊಂಡ ಕಾಗದ ಇದೇ.

ಇಲ್ಲೇ ನಮ್ಮ ಬಾಡಿಗೆ ಲೋಕ ಅಡ್ಡ ಬರುತ್ತೆ. ನೋಂದಣಿ ಕಾಯ್ದೆ 1908ರ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು. ಅದಕ್ಕೇ ಬೆಂಗಳೂರಿನ ಬಾಡಿಗೆ ಕರಾರುಗಳೆಲ್ಲ 11 ತಿಂಗಳದ್ದು. ಆ ಕಾಗದ ಬ್ಯಾಂಕಿಗೆ ಸಾಕಾಗಬಹುದು. ಬೇರೆ ಕೌಂಟರಿನಲ್ಲಿ ‘ರಿಜಿಸ್ಟರ್ಡ್ ಅಗ್ರಿಮೆಂಟ್ ಇದ್ಯಾ’ ಅಂತ ಕೇಳಿದರೆ ಉತ್ತರ ಇಲ್ಲ. ಓನರ್‌ಗಳಿಗೂ ತಮ್ಮ ಹೆಸರು ಸರ್ಕಾರದ ಯಾವುದೋ ಪೋರ್ಟಲ್‌ನಲ್ಲಿ ಕೂರುವುದು ಇಷ್ಟ ಇರಲ್ಲ, ಬಾಡಿಗೆ ಆದಾಯದ ಲೆಕ್ಕ ಎಲ್ಲಿ ಹೊರಗೆ ಬರುತ್ತೋ ಅಂತ. ಹೀಗಾಗಿ ವಿದೇಶಿಯ ವಾಸದ ಪುರಾವೆ ಅನ್ನೋದು ಕೊನೆಗೆ ಒಬ್ಬ ಮನೆ ಓನರ್‌ನ ಮನಸ್ಸಿನ ಮೇಲೆ ನಿಂತಿರುತ್ತೆ. ಡಿಪಾಸಿಟ್ ಹಣದ ಜಗಳ ನಡೆಯುತ್ತಿರುವ ಕೊನೆಯ ತಿಂಗಳಲ್ಲಿ ಆ ಮನಸ್ಸು ಹೇಗಿರುತ್ತೆ ಅನ್ನೋದನ್ನು ಬಾಡಿಗೆ ಮನೆಯಲ್ಲಿದ್ದ ಯಾರಿಗೂ ವಿವರಿಸಬೇಕಾಗಿಲ್ಲ.

ಈಗ ಒಟಿಪಿ. ವಾಹನ್ ಪೋರ್ಟಲ್‌ನಲ್ಲಿ ಬಹುತೇಕ ಕೆಲಸ ಮೊಬೈಲ್ ನಂಬರ್ ಮತ್ತು ಆಧಾರ್ ಮೇಲೆ ನಡೆಯುತ್ತೆ. ವಿದೇಶಿಯರಿಗೆ ಆಧಾರ್ ಇಲ್ಲ ಅನ್ನೋದು ತಪ್ಪು ತಿಳಿವಳಿಕೆ. ಅರ್ಜಿಗೆ ಮುಂಚಿನ 12 ತಿಂಗಳಲ್ಲಿ 182 ದಿನ ಭಾರತದಲ್ಲಿ ವಾಸವಿದ್ದವರು ಆಧಾರ್ ಪಡೆಯಬಹುದು. ಅದು ವಾಸದ ಗುರುತು, ಪೌರತ್ವದ್ದಲ್ಲ. ಆದರೆ ವೀಸಾ ಮೇಲಿರುವ ವಿದೇಶಿಯ ಆಧಾರ್ ವೀಸಾ ಇರೋವರೆಗೆ ಮಾತ್ರ ಊರ್ಜಿತ. ಒಸಿಐ ಕಾರ್ಡ್‌ದಾರರಿಗೆ, ನೇಪಾಳ-ಭೂತಾನ್ ಪ್ರಜೆಗಳಿಗೆ 10 ವರ್ಷ. ಅಂದ್ರೆ ಉದ್ಯೋಗ ವೀಸಾ ಮುಗಿದ ದಿನ ಆಧಾರ್ ಮುಗೀತು, ಸ್ಥಳೀಯ ಸಿಮ್ ಡ್ರಾಯರ್ ಸೇರಿತು. ಆಮೇಲೆ ‘ಸರ್, ಒಂದು ಒಟಿಪಿ ಬಂದಿರುತ್ತೆ, ಹೇಳಿ’ ಅಂತ ಕೊಂಡವರು ವಾಟ್ಸಾಪ್‌ನಲ್ಲಿ ಕೇಳಿದರೆ ಒಸಾಕಾದಲ್ಲಿರುವವರು ಏನು ಹೇಳಬೇಕು?

ಹೆಸರು ಉಳಿದರೆ ಏನಾಗುತ್ತೆ

2018ರ ಫೆಬ್ರವರಿ 6ರಂದು ಸುಪ್ರೀಂ ಕೋರ್ಟ್‌ನ ತ್ರಿಸದಸ್ಯ ಪೀಠ ಕೊಟ್ಟ ತೀರ್ಪೊಂದನ್ನು ಕಾರು ಮಾರುವ ಪ್ರತಿಯೊಬ್ಬರೂ ತಿಳಿದಿರಬೇಕು. ಒಂದು ಮಾರುತಿ 800 ಕಾರನ್ನು ನೋಂದಾಯಿತ ಮಾಲೀಕ 2007ರಲ್ಲಿ ಮಾರಿದ್ದ. ಕೊಂಡವರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಹೀಗೆ ಕೈಯಿಂದ ಕೈಗೆ ಹೋಯಿತು. ಆರ್‌ಸಿಯಲ್ಲಿ ಹೆಸರು ಬದಲಾಗಲೇ ಇಲ್ಲ. 2009ರಲ್ಲಿ ಕಾರು ರಿವರ್ಸ್ ತೆಗೆಯುವಾಗ ಒಂದು ಮಗು ಸತ್ತಿತು. ಪರಿಹಾರ ಕೊಡಬೇಕಾದ್ದು ಯಾರು? ಹೈಕೋರ್ಟ್ ಕೊನೆಯದಾಗಿ ಕಾರು ಇಟ್ಟುಕೊಂಡಿದ್ದವನ ಕಡೆ ಕೈ ತೋರಿಸಿತ್ತು. ಸುಪ್ರೀಂ ಕೋರ್ಟ್ ಅದನ್ನು ಬದಲಿಸಿತು: ಕಾಯ್ದೆಯ ಸೆಕ್ಷನ್ 2(30)ರ ಪ್ರಕಾರ ಮಾಲೀಕ ಅಂದರೆ ಯಾರ ಹೆಸರಲ್ಲಿ ನೋಂದಣಿಯಿದೆಯೋ ಅವರೇ. ಕಾರು ಎಷ್ಟು ಕೈ ದಾಟಿದ್ದರೂ, ಗಾಯಾಳು ಅಥವಾ ಸತ್ತವರ ಮನೆಯವರು ಆ ಕೈಗಳ ಹಿಂದೆ ಅಲೆಯಬೇಕಾಗಿಲ್ಲ.

ನನಗೆ ಈ ತೀರ್ಪು ಸರಿ ಅನ್ನಿಸುತ್ತೆ. ರಸ್ತೆಯಲ್ಲಿ ಮಗು ಕಳೆದುಕೊಂಡವರಿಗೆ ಮಾರಾಟದ ಸರಪಳಿ ಹುಡುಕುವ ಕೆಲಸ ಹಚ್ಚಬಾರದು. ಆದರೆ ಆರ್‌ಸಿ ಮೇಲಿನ ಹೆಸರು ದೇಶದಲ್ಲೇ ಇಲ್ಲದ ವ್ಯಕ್ತಿಯದ್ದಾದರೆ ಆ ಮನೆಯವರು ಯಾರಿಂದ ವಸೂಲು ಮಾಡೋದು? ವಿಮೆ ಚಾಲ್ತಿಯಲ್ಲಿದ್ದರೆ ದಾರಿ ಇದೆ; ಸೆಕ್ಷನ್ 157 ಪ್ರಕಾರ ಮಾರಾಟದೊಂದಿಗೆ ವಿಮೆಯೂ ಕೊಂಡವರಿಗೆ ವರ್ಗವಾದಂತೆ, ಅವರು 14 ದಿನದಲ್ಲಿ ಕಂಪನಿಗೆ ತಿಳಿಸಬೇಕು. ಮರುವರ್ಷ ನವೀಕರಿಸದೇ ಇದ್ದರೆ ಅದೂ ಇಲ್ಲ. ವಿದೇಶಿಯರ ಕಾರು ವರ್ಗಾವಣೆ ಸಲೀಸಾಗಿರಬೇಕು ಅಂತ ನಾನು ಹೇಳೋದು ವಿದೇಶಿಯರ ಮೇಲಿನ ಕಾಳಜಿಗೆ ಮಾತ್ರ ಅಲ್ಲ. ಕಾಗದ ಕಷ್ಟವಾದಷ್ಟೂ ಜನ ಸಹಿ ಮಾಡಿದ ಖಾಲಿ ಫಾರಂ 29, 30 ಕೊಟ್ಟು ಕೀ ಕೈಗಿಟ್ಟು ಹೋಗ್ತಾರೆ. ಅದರ ಬೆಲೆ ಕಟ್ಟೋದು ದಾರಿಯಲ್ಲಿ ನಡೆಯುವವರು.

ಎಲ್ಲ ವಿದೇಶಿಯರೂ ಒಂದೇ ಅಲ್ಲ

ಬಿಡದಿಯ ಟೊಯೋಟಾ, ಹೊಸಕೋಟೆಯ ವೋಲ್ವೋದಂಥ ಕಾರ್ಖಾನೆಗಳು 90ರ ದಶಕದ ಕೊನೆಯಲ್ಲಿ ಬಂದಾಗಿನಿಂದ ಈ ನಗರದ ಹೊರವಲಯಕ್ಕೆ ವಿದೇಶಿ ಮ್ಯಾನೇಜರ್‌ಗಳು ಹೊಸಬರಲ್ಲ. (ವೈಟ್‌ಫೀಲ್ಡ್ ಅನ್ನೋ ಹೆಸರೇ 1880ರ ದಶಕದಲ್ಲಿ ಆಂಗ್ಲೋ-ಇಂಡಿಯನ್ನರಿಗಾಗಿ ಊರು ಕಟ್ಟಿಸಿದ ಡಿ.ಎಸ್. ವೈಟ್ ಅವರಿಂದ ಬಂದದ್ದು, ಅದು ಬೇರೆ ಕಥೆ.) ಕಂಪನಿ ಕಳಿಸಿದ ದೊಡ್ಡ ಹುದ್ದೆಯವರಿಗೆ ಸಾಮಾನ್ಯವಾಗಿ ಕಾರು ಕಂಪನಿಯ ಅಥವಾ ಲೀಸ್ ಸಂಸ್ಥೆಯ ಹೆಸರಲ್ಲಿರುತ್ತೆ, ಜೊತೆಗೆ ಡ್ರೈವರ್ ಕೂಡ. ಅವರು ಹೋದರೂ ಮಾಲೀಕ ಇಲ್ಲೇ ಇರ್ತಾನೆ. ಇವರಿಗೆ ಈ ಲೇಖನ ಬೇಕಾಗಿಲ್ಲ.

ಬೇಕಾಗಿರೋದು ಸ್ವಂತ ಹೆಸರಲ್ಲಿ ಕಾರು ಕೊಂಡವರಿಗೆ: ಸಣ್ಣ ಕಂಪನಿಗಳ ಉದ್ಯೋಗಿಗಳು, ಭಾಷಾ ಶಿಕ್ಷಕರು, ವಿದ್ಯಾರ್ಥಿಗಳು. ಪೀಣ್ಯದಿಂದ ಆಚೆ ಸೋಲದೇವನಹಳ್ಳಿ ಕಡೆ, ಉತ್ತರದಲ್ಲಿ ಹೆಣ್ಣೂರು, ಕೊತ್ತನೂರು ಕಡೆ ಆಫ್ರಿಕಾದ ವಿದ್ಯಾರ್ಥಿಗಳು ಹೆಚ್ಚು. ಅವರಿಗೆ ಮನೆ ಸಿಗೋದೇ ಕಷ್ಟ, ಸಿಕ್ಕರೆ ಸರಿಯಾದ ಕರಾರು ಸಿಗೋದು ಇನ್ನೂ ಕಷ್ಟ. ಕರಾರು ಇಲ್ಲದ ವಿದ್ಯಾರ್ಥಿ ಸೀನಿಯರ್‌ನ ಹಳೆಯ ಕಾರು ಕೊಂಡರೆ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ವಿಳಾಸವೇ ಇರಲ್ಲ. 2016ರ ಜನವರಿ 31ರ ರಾತ್ರಿ ಸೋಲದೇವನಹಳ್ಳಿ ಹತ್ತಿರ ಸುಡಾನ್ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಸ್ಥಳೀಯ ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿಗಳ ಮೇಲೆ, ಆ ಅಪಘಾತಕ್ಕೆ ಸಂಬಂಧವೇ ಇಲ್ಲದವರ ಮೇಲೆ, ಗುಂಪು ಹಲ್ಲೆ ಮಾಡಿತು, ಅವರ ಕಾರಿಗೆ ಬೆಂಕಿ ಹಚ್ಚಿತು. ಬೀದಿಯಲ್ಲಿ ನಿಂತ ಗುಂಪು ಆರ್‌ಸಿ ನೋಡೋದಿಲ್ಲ, ಚರ್ಮದ ಬಣ್ಣ ನೋಡುತ್ತೆ. ಇಂಥ ಜಾಗದಲ್ಲಿ ವಾಹನದ ದಾಖಲೆ ಸರಿಯಿಲ್ಲದೆ ಓಡಾಡುವ ವಿದ್ಯಾರ್ಥಿ ಪೊಲೀಸರ ಮುಂದೆಯೂ ದುರ್ಬಲ.

ಹೊರರಾಜ್ಯದಿಂದ ಬಂದವರೂ ಈ ಕೌಂಟರಿನ ಕಣ್ಣಿಗೆ ಒಂದು ಥರ ವಿದೇಶಿಯರೇ. ಹೊರರಾಜ್ಯದ ಕಾರು 30 ದಿನಕ್ಕಿಂತ ಹೆಚ್ಚು ಇಲ್ಲಿದ್ದರೆ ಜೀವಾವಧಿ ತೆರಿಗೆ ಕಟ್ಟಬೇಕು ಅಂತ ಕರ್ನಾಟಕ 2014ರಲ್ಲಿ ತಿದ್ದುಪಡಿ ತಂದಿತ್ತು. ಕೇಂದ್ರ ಕಾಯ್ದೆಯ ಸೆಕ್ಷನ್ 47 ಕೊಡುವುದು 12 ತಿಂಗಳು, ಹೈಕೋರ್ಟ್ ಆ ತಿದ್ದುಪಡಿಯನ್ನು ಹೊಡೆದುಹಾಕಿತು. ವಿದೇಶಿಯರಿಗೆ ಅಂಥ ಹೋರಾಟ ಮಾಡುವಷ್ಟು ಜನವೂ ಇಲ್ಲ, ಕಾಲವೂ ಇಲ್ಲ.

ಬೇರೆ ದೇಶಗಳಲ್ಲಿ ನಾವು ವಿದೇಶಿಯರಾದಾಗ

ಕ್ಯಾಲಿಫೋರ್ನಿಯಾದಲ್ಲಿ ಎಚ್-1ಬಿ ಮೇಲಿರುವ ಕನ್ನಡಿಗನ ಕೆಲಸ ಹೋದರೆ ಸಾಮಾನ್ಯವಾಗಿ ಸಿಗೋದು 60 ದಿನ. ಆ 60 ದಿನದಲ್ಲಿ ಮನೆ, ಮಕ್ಕಳ ಶಾಲೆ, ಕಾರು ಎಲ್ಲ ಮುಗಿಸಬೇಕು. ಕಾರಿನ ಮಟ್ಟಿಗೆ ಮಾತ್ರ ಅಲ್ಲಿನ ವ್ಯವಸ್ಥೆ ಮಾರುವವರ ಪರ ಇದೆ: ಟೈಟಲ್ ಮೇಲೆ ಸಹಿ ಹಾಕಿ ಕೊಟ್ಟು, ಐದು ದಿನದೊಳಗೆ ಡಿಎಂವಿಗೆ ‘ಮಾರಿದ್ದೇನೆ, ಇನ್ನು ನನ್ನ ಹೊಣೆ ಇಲ್ಲ’ ಅನ್ನೋ ನೋಟಿಸನ್ನು ಆನ್‌ಲೈನಲ್ಲೇ ಹಾಕಬಹುದು. ಕೊಂಡವರು ನೋಂದಣಿ ಮಾಡಿಸಲಿ ಬಿಡಲಿ, ಮಾರಿದವರು ತಿಳಿಸಿದ್ದಕ್ಕೆ ಬೆಲೆ ಇದೆ. ಬ್ರಿಟನ್‌ನಲ್ಲೂ ಲಾಗ್‌ಬುಕ್ ನಂಬರ್ ಹಾಕಿ ಡಿವಿಎಲ್‌ಎಗೆ ಮಾರಿದವರೇ ತಿಳಿಸ್ತಾರೆ.

ದುಬೈ ನಮ್ಮ ಹಾಗೆ. ಅಲ್ಲಿ ವರ್ಗಾವಣೆಗೆ ಎಮಿರೇಟ್ಸ್ ಐಡಿ ಬೇಕು, ದಂಡ ಬಾಕಿ ಇರಬಾರದು. ವಾಸದ ವೀಸಾ ರದ್ದಾದರೆ ಐಡಿಯೂ ಹೋಯಿತು. 2009ರ ಆರ್ಥಿಕ ಕುಸಿತದ ಹೊತ್ತಿಗೆ ದುಬೈ ವಿಮಾನ ನಿಲ್ದಾಣದಲ್ಲಿ ಬಿಟ್ಟುಹೋದ ಕಾರುಗಳ ಸುದ್ದಿ ಜಗತ್ತೆಲ್ಲ ಹರಡಿತ್ತು. ಸಾಲ ಕಟ್ಟಲಾಗದೆ, ಜೈಲಿನ ಭಯಕ್ಕೆ ಹೋದವರ ಕಾರುಗಳು ಅವು. ಗಲ್ಫ್‌ನಲ್ಲಿ ಮನೆಯವರಿರುವ ಮಂಗಳೂರು ಕಡೆಯವರಿಗೆ ಆ ವರ್ಷ ಮರೆತಿರಲ್ಲ.

ನಮ್ಮ ಸೆಕ್ಷನ್ 50ರಲ್ಲೂ ಮಾರಿದವರು ತಿಳಿಸುವ ಅವಕಾಶ ಇದೆ. ಆದರೆ ಫಾರಂ 29 ಕೊಟ್ಟ ಮಾತ್ರಕ್ಕೆ ದಾಖಲೆಯಲ್ಲಿ ಹೆಸರು ಬದಲಾಗಲ್ಲ, ಹೊಣೆಯೂ ಕಳಚಲ್ಲ. ಆ ನೋಟಿಸ್ ಸ್ವೀಕರಿಸಿದ ದಿನಾಂಕದಿಂದಲೇ ವಾಹನ್‌ನಲ್ಲಿ ‘ಮಾರಾಟ ವರದಿಯಾಗಿದೆ’ ಅಂತ ಗುರುತು ಬಿದ್ದು, ಮುಂದಿನ ದಂಡದ ನೋಟಿಸ್‌ಗಳು ಕೊಂಡವರ ವಿಳಾಸಕ್ಕೆ ಹೋಗುವಂತೆ ಮಾಡಿದರೆ ಅರ್ಧ ಸಮಸ್ಯೆ ಮುಗಿಯುತ್ತೆ ಅನ್ನೋದು ನನ್ನ ಅಭಿಪ್ರಾಯ. ಇದಕ್ಕೆ ರಾಕೆಟ್ ವಿಜ್ಞಾನ ಬೇಡ, ಒಂದು ಕಾಲಂ ಸಾಕು. ಎಲೆಕ್ಟ್ರಾನಿಕ್ ಸಿಟಿಯ ಯಾವುದೇ ಫ್ರೆಶರ್ ಒಂದು ಮಧ್ಯಾಹ್ನದಲ್ಲಿ ಬರೀತಾರೆ.

ಒಂದು ಒಳ್ಳೆ ಕೆಲಸ ಕೇಂದ್ರ ಮಾಡಿದೆ. 2022ರ ಡಿಸೆಂಬರ್‌ನಲ್ಲಿ ಹೊರಡಿಸಿ 2023ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮಗಳ ಪ್ರಕಾರ, ಅಧಿಕೃತ ಪ್ರಮಾಣಪತ್ರ ಇರುವ ಹಳೆ ಕಾರು ಡೀಲರ್‌ಗೆ ಕಾರು ಒಪ್ಪಿಸಿ ಪೋರ್ಟಲ್‌ನಲ್ಲಿ ತಿಳಿಸಿದರೆ, ಮುಂದೆ ಡೀಲರೇ ಮಾಲೀಕನಂತೆ ಹೊಣೆಗಾರ. ವರ್ಗಾವಣೆ, ಎನ್‌ಒಸಿ ಅರ್ಜಿಯನ್ನೂ ಡೀಲರ್ ಹಾಕಬಹುದು. ಊರು ಬಿಡುವವರಿಗೆ ಇದಕ್ಕಿಂತ ಸುರಕ್ಷಿತ ದಾರಿ ನನಗೆ ಕಾಣೋದಿಲ್ಲ, ಬೆಲೆ ಸ್ವಲ್ಪ ಕಡಿಮೆ ಸಿಕ್ಕರೂ ಸರಿ. ಡೀಲರ್ ಬಳಿ ಆ ಪ್ರಮಾಣಪತ್ರ ಇದೆಯಾ ಅಂತ ಕೇಳಿ ನೋಡಿಯೇ ಕೀ ಕೊಡಬೇಕು. ಬೋರ್ಡ್ ಹಾಕಿಕೊಂಡವರೆಲ್ಲ ಅಧಿಕೃತರಲ್ಲ.

ಹೊರಡುವ ಮುಂಚೆ

ವೀಸಾ ಮುಗಿಯಲು ಮೂರು ತಿಂಗಳು ಇರುವಾಗಲೇ ಕೆಲಸ ಶುರು ಮಾಡೋದು ಒಳ್ಳೇದು. ಮೊದಲು ಆರ್‌ಸಿ ವಿಳಾಸ ಮತ್ತು ಎಫ್‌ಆರ್‌ಆರ್‌ಒ ವಿಳಾಸ ಒಂದೇ ಇದೆಯಾ ನೋಡಿ; ಇಲ್ಲದಿದ್ದರೆ ಎಫ್‌ಆರ್‌ಆರ್‌ಒ ದಾಖಲೆ ಸರಿ ಮಾಡಿಸಿ ಆಮೇಲೆ ಆರ್‌ಸಿ. ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ, ಫಾರಂ 35 ಈಗಲೇ. ಬಾಕಿ ದಂಡಗಳನ್ನು ಕಟ್ಟಿ. 2023ರ ಫೆಬ್ರವರಿಯಲ್ಲಿ ಕೊಟ್ಟಂತೆ ಶೇ. 50 ರಿಯಾಯಿತಿ ಮತ್ತೆ ಬರುತ್ತೆ ಅಂತ ಕಾಯುವಷ್ಟು ಟೈಮ್ ನಿಮಗಿರಲ್ಲ. ಕೊಳ್ಳುವವರು ಕೇರಳದವರೋ ಆಂಧ್ರದವರೋ ಆಗಿದ್ದರೆ ಫಾರಂ 28ರ ಎನ್‌ಒಸಿ ಬೇಕು, ಅದಕ್ಕೆ ಇನ್ನಷ್ಟು ದಿನ ಹಿಡಿಯುತ್ತೆ.

ಹಣದ ವಿಷಯ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳೋದು ಆದಾಯ ತೆರಿಗೆ ಕಾನೂನಿನಲ್ಲಿ ನಿಷಿದ್ಧ, ಕೊಂಡವರು ಎಷ್ಟೇ ಒತ್ತಾಯ ಮಾಡಲಿ. ಬ್ಯಾಂಕ್ ಖಾತೆ ಮುಚ್ಚುವ ಮುಂಚೆ ಹಣ ಬರಲಿ. ಹೊರಟ ಮೇಲೆ ಬರಬೇಕಾದ ಬಾಕಿ ಇದ್ದರೆ ಖಾತೆಯನ್ನು ಎನ್‌ಆರ್‌ಒ ಮಾಡಿಸಿಕೊಳ್ಳಬಹುದು.

ಎಲ್ಲ ಮುಗಿಸಲು ಆಗದಿದ್ದರೆ ನಂಬಿಕಸ್ಥರೊಬ್ಬರಿಗೆ ಇಲ್ಲಿರುವಾಗಲೇ ನಿರ್ದಿಷ್ಟ ಕೆಲಸಕ್ಕೆ ಅಧಿಕಾರಪತ್ರ, ಪವರ್ ಆಫ್ ಅಟಾರ್ನಿ, ಬರೆದುಕೊಡಿ. ಅದರಲ್ಲಿ ಕಾರಿನ ನಂಬರ್, ಚಾಸಿ ನಂಬರ್ ಇರಲಿ. ವಿದೇಶಕ್ಕೆ ಹೋದ ಮೇಲೆ ಮಾಡಿಸಿದರೆ ಅದನ್ನು ಅಲ್ಲೇ ಸರಿಯಾಗಿ ದೃಢೀಕರಿಸಿಕೊಳ್ಳಬೇಕು, ಕಾಗದ ಇಲ್ಲಿ ತಲುಪಿದ ಮೂರು ತಿಂಗಳೊಳಗೆ ಕರ್ನಾಟಕದ ಮುದ್ರಾಂಕ ಶುಲ್ಕ ಕಟ್ಟಬೇಕು. ಖಾಲಿ ಫಾರಂಗಳಿಗೆ ಮಾತ್ರ ಸಹಿ ಹಾಕಬೇಡಿ. ಕೊಂಡವರ ಹೆಸರು, ವಿಳಾಸ, ದಿನಾಂಕ, ಕೀ ಕೊಟ್ಟ ಗಂಟೆ ಸಮೇತ ಬರೆದ ರಸೀದಿಯ ಒಂದು ಪ್ರತಿ, ಫಾರಂ 29 ಸ್ವೀಕರಿಸಿದ ಅರ್ಜಿ ಸಂಖ್ಯೆ ನಿಮ್ಮ ಬಳಿ ಇರಲಿ.

ಕೊಳ್ಳುವವರಾದರೆ ನೀವೂ ಕೇಳಬೇಕಾದ್ದು ಇದೆ: ವೀಸಾ ಎಲ್ಲಿಯವರೆಗಿದೆ, ವಾಹನ್‌ಗೆ ಕೊಟ್ಟ ಮೊಬೈಲ್ ಚಾಲೂ ಇದೆಯಾ, ವಿಮಾನ ಯಾವ ದಿನ. ಮುಂಗಡ ಕೊಡುವ ಮುಂಚೆ ಆನ್‌ಲೈನ್ ಅರ್ಜಿಯ ಒಟಿಪಿ ಹಂತವನ್ನು ಇಬ್ಬರೂ ಎದುರೆದುರು ಕೂತು ಮುಗಿಸಿ. ಫಾಸ್ಟ್ಯಾಗ್ ಅನ್ನು ಮಾರಿದವರು ಮುಚ್ಚಿಸಲಿ, ನೀವು ಹೊಸದು ತಗೊಳ್ಳಿ. ಎರಡು ವಾರ ಬಿಟ್ಟು ಪರಿವಾಹನ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡಿ. ಮಾಲೀಕರ ಹೆಸರು ಅಲ್ಲಿ ನಕ್ಷತ್ರ ಚಿಹ್ನೆಗಳ ನಡುವೆ ಅರ್ಧಂಬರ್ಧ ಕಾಣುತ್ತೆ, ಆದರೂ ಮೊದಲ ಅಕ್ಷರ ನಿಮ್ಮದೋ ಅವರದೋ ಅಂತ ಗೊತ್ತಾಗುವಷ್ಟು ಸಾಕು.